ಹೈ-ಫೈ ಹುಚ್ಚು: ಅಸಲು ಯಾವುದು, ನಕಲು ಯಾವುದು?

ನಮ್ಮ ಕಡೆ ‘ಹೈ-ಫೈ’ ಎಂಬ ಮಾತಿಗೆ ಒಂದೇ ಅರ್ಥ. ಗೆರೆ ಮುರಿಯದ ಇಸ್ತ್ರಿ ಪ್ಯಾಂಟು, ಕಣ್ಣಿಗೆ ಕಪ್ಪು ಚಸ್ಮಾ, ನಾಲ್ಕು ಮಾತಿಗೆ ಎರಡು ಇಂಗ್ಲಿಷು – ಇಷ್ಟಿದ್ದವರು ಯಾರಾದರೂ ತಾವರಗೇರಾ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಚಹಾದಂಗಡಿ ಮುಂದೆ ಕೂತವರು “ಭಾರೀ ಹೈ-ಫೈ ಅದಾನಲೇ!” ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಾರೆ. ಮದುವೆ ಊಟದಲ್ಲಿ ಐಸ್‌ಕ್ರೀಮ್ ಇಟ್ಟರೆ ಅದೂ ಹೈ-ಫೈ! ಈ ಮಾತು ಹುಟ್ಟಿದ್ದು ಪ್ಯಾಂಟಿಗಲ್ಲ, ಐಸ್‌ಕ್ರೀಮಿಗಲ್ಲ, ಹಾಡಿಗೆ ಎಂದರೆ ನಗುತ್ತಾರೆ.

ಖರೇ ಸಂಗತಿ ಅದೇ, ಓದುಗ ಮಿತ್ರರೇ. ‘ಹೈ’ ಎಂದರೆ ಉನ್ನತ. ‘ಫೈ’ ಎಂಬುದು ‘ಫಿಡೆಲಿಟಿ’ಯ ಬಾಲ ಕತ್ತರಿಸಿದ ರೂಪ. ಫಿಡೆಲಿಟಿ ಎಂದರೆ ನಿಷ್ಠೆ. ಒಡೆಯನಿಗೆ ನಾಯಿ ತೋರಿಸುವ ನಿಷ್ಠೆ, ಗಂಡನಿಗೆ ಹೆಂಡತಿ ತೋರಿಸುವ ನಿಷ್ಠೆ, ಹೆಂಡತಿಗೆ ಗಂಡ ತೋರಿಸಬೇಕಾದ ನಿಷ್ಠೆ (ಈ ಕೊನೆಯದನ್ನೂ ಸೇರಿಸಬೇಕೆಂದು ನಮ್ಮ ಮನೆಯಾಕೆಯ ಅಪ್ಪಣೆಯಾಗಿದೆ!). ಅಂದಮೇಲೆ ಹೈ-ಫೈ ಸೆಟ್ಟು ಎಂದರೆ ಪತಿವ್ರತಾ ಯಂತ್ರ. ಭೇಷ್! ಆದರೆ ಪತಿವ್ರತೆ ಎಂದ ಮೇಲೆ ಪತಿ ಯಾರು? ಆ ಯಂತ್ರ ನಿಷ್ಠೆ ತೋರಿಸುವುದು ಯಾರಿಗೆ? ಹಾಡಿದವನಿಗೋ, ಹಾಡು ಮುದ್ರಿಸಿದವನಿಗೋ, ದುಡ್ಡು ಕೊಟ್ಟು ಯಂತ್ರ ತಂದು ಎದುರಿಗೆ ಕೂತ ಈ ಬಡಪಾಯಿಗೋ?

ಈ ಪ್ರಶ್ನೆ ನನ್ನ ತಲೆ ಹೊಕ್ಕು ನಲವತ್ತು ವರ್ಷ ಆಯಿತು. ನಾನು ಪಂಡಿತನಲ್ಲ, ಮೈಕ್ ಸೆಟ್ಟಿನವನು. ಮದುವೆ, ಜಾತ್ರೆ, ಗಣಪತಿ, ಎಲೆಕ್ಷನ್, ಕಂಪೆನಿ ನಾಟಕ – ಕುಷ್ಟಗಿ ತಾಲೂಕಿನಲ್ಲಿ ನನ್ನ ಹಾರ್ನು ಕಟ್ಟದ ಬೇವಿನ ಮರ ಕಡಿಮೆ. ಹಗಲೆಲ್ಲಾ “ಹಲೋ, ಹಲೋ, ಮೈಕ್ ಟೆಸ್ಟಿಂಗ್”. ರಾತ್ರಿ ಮನೆಗೆ ಬಂದು ಕೈಕಾಲು ತೊಳೆದು ಪಡಸಾಲೆಯ ಒಳಕೋಣೆ ಸೇರಿದರೆ ಅದು ಬೇರೇ ಲೋಕ. ಸೋನೊಡೈನ್, ಕಾಸ್ಮಿಕ್ ಎಂಬ ಹೆಸರುಗಳನ್ನು ಜಾಹೀರಾತಿನಲ್ಲಿ ನೋಡಿ ಜೊಲ್ಲು ಸುರಿಸುತ್ತಿದ್ದ ಕಾಲ ಅದು. ಕೊಳ್ಳುವ ತಾಕತ್ತು ಇರಲಿಲ್ಲ. 1984ರಲ್ಲಿ ಎರಡು ಸೀಸನ್ ಮದುವೆಯ ದುಡ್ಡು ಕೂಡಿಸಿ ಹಳೇ ಟರ್ನ್‌ಟೇಬಲ್ ಒಂದನ್ನು ತಂದೆ. ಆಂಪ್ಲಿಫೈಯರನ್ನು ನಾನೇ ಬೆಸುಗೆ ಹಾಕಿ ಕಟ್ಟಿದೆ. ಸ್ಪೀಕರಿನ ಡಬ್ಬಿಗಳನ್ನು ನಮ್ಮೂರ ಬಡಿಗೇರ ಅಜ್ಜ ಸಾಗವಾನಿಯಲ್ಲಿ ಮಾಡಿಕೊಟ್ಟ. “ಇದರಾಗ ಏನ್ ಜೋಳ ತುಂಬತೀಯೇನೋ?” ಎಂದು ಕೇಳಿದ್ದ!

ಡಬ್ಬಿ ಎರಡು, ಕುರ್ಚಿ ಒಂದು – ಮೂರೂ ಸಮ ಅಂತರದ ಮುಕ್ಕೋನವಾಗಿ ಇರಬೇಕು. ಆಗ ಹಾಡುವವನು ಎಡ ಡಬ್ಬಿಯಲ್ಲೂ ಇಲ್ಲ, ಬಲ ಡಬ್ಬಿಯಲ್ಲೂ ಇಲ್ಲ, ನಡುವೆ ಬರೀ ಗೋಡೆಯ ಎದುರು ನಿಂತು ಹಾಡುತ್ತಾನೆ. ಅಲನ್ ಬ್ಲಮ್ಲೈನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಈ ಎರಡು ಕಿವಿಯ ತಂತ್ರಕ್ಕೆ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ. ಮೊದಲ ಸಲ ಅದು ಸರಿಯಾಗಿ ಕೂತ ರಾತ್ರಿ ನಾನು ಎದ್ದುಹೋಗಿ ಗೋಡೆ ಮುಟ್ಟಿ ನೋಡಿದೆ, ಸ್ವಾಮೀ. ಯಾರೂ ಇರಲಿಲ್ಲ!

ನಿಷ್ಠೆಯ ಮಾತು ಬಂದಾಗ ಆ ನಾಯಿಯನ್ನು ಮರೆಯಲಾದೀತೆ? ಎಚ್.ಎಂ.ವಿ. ರಿಕಾರ್ಡನ್ನು ನಮ್ಮ ಕಡೆ ‘ನಾಯಿ ಛಾಪಾ’ ಎನ್ನುತ್ತಿದ್ದರು. ನಾಯಿಯ ಹೆಸರು ನಿಪ್ಪರ್. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಮೊದಲು ಬರೆದ ಚಿತ್ರದಲ್ಲಿ ಅದು ಕಿವಿಗೊಟ್ಟಿದ್ದು ಸಿಲಿಂಡರ್ ಫೋನೋಗ್ರಾಫಿಗೆ. 1899ರಲ್ಲಿ ಗ್ರಾಮಾಫೋನ್ ಕಂಪೆನಿ ಆ ಚಿತ್ರ ಕೊಳ್ಳುವಾಗ ಆ ಯಂತ್ರವನ್ನು ಮುಚ್ಚಿ ಅದರ ಮೇಲೆ ತಮ್ಮ ಯಂತ್ರ ಬರೆಸಿಕೊಂಡರು. ಯಂತ್ರ ಬದಲಾಯಿತು, ನಾಯಿ ಕತ್ತು ಸಹ ತಿರುಗಿಸಲಿಲ್ಲ! ಒಡೆಯನ ದನಿ ಎಂದು ಅದಕ್ಕೆ ಅನ್ನಿಸಿದರೆ ಸಾಕು, ಅದೇ ಒಡೆಯನ ದನಿ.

ನಾವು ನಾಯಿಗಿಂತ ಜಾಣರಲ್ಲವೆ? ಪುರಾವೆ ಕೇಳುತ್ತೇವೆ. ನಮ್ಮದು ಒಂದು ಕಾಲಕ್ಕೆ ನಿಜಾಮರ ಸೀಮೆ. ಆಮೇಲೆ ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ. ಸರಕಾರ ಎಷ್ಟು ಬದಲಾದರೂ ಕಚೇರಿಯ ಶಬ್ದಗಳು ಬದಲಾಗಲಿಲ್ಲ. ಅಸಲು, ನಕಲು ಎಂದರೆ ನಮ್ಮ ರೈತರಿಗೆ ಉಪ್ಪು-ಖಾರದಷ್ಟು ಬಳಕೆ. ಕಾಗದದ ನಕಲಿನ ಮೇಲೆ ‘ಅಸಲಿನಂತೆಯೇ ಇದೆ’ ಎಂದು ಸಾಹೇಬರ ಸಹಿ ಬೇಕಾದರೆ ಅವರು ಮೊದಲು ಕೇಳುವುದೇನು? “ಅಸಲು ಎಲ್ಲಿ, ತೋರಸು.” ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಆಮೇಲೆ ಶಿಕ್ಕೆ. ಹೈ-ಫೈ ಮಂದಿ ದಿನಾ ಸಂಜೆ ಸಹಿ ಹಾಕುತ್ತಾರೆ – “ಆಹಾ, ಎಷ್ಟು ಅಸಲಾಗಿದೆ!” ಎಂದು. ಅಸಲು ಕಂಡವರು ಅವರಲ್ಲಿ ಎಷ್ಟು ಜನ?

ಇದಕ್ಕೆ ಉತ್ತರ ಕೊಟ್ಟವನು ಅಮೆರಿಕದ ಹ್ಯಾರಿ ಪಿಯರ್ಸನ್. 1973ರಲ್ಲಿ ‘ದಿ ಅಬ್ಸೊಲ್ಯೂಟ್ ಸೌಂಡ್’ ಎಂಬ ಪತ್ರಿಕೆ ಶುರು ಮಾಡಿದ. ಮೈಕಿಲ್ಲದೆ, ನಿಜವಾದ ಸಭಾಂಗಣದಲ್ಲಿ ಬಾರಿಸಿದ ವಾದ್ಯದ ನಾದವೇ ಅಸಲು, ಅದಕ್ಕೆ ಹೋಲಿಸಿಯೇ ಯಂತ್ರಕ್ಕೆ ಬೆಲೆ ಕಟ್ಟಬೇಕು ಎಂಬುದು ಅವನ ಹಟ. ಒಪ್ಪತಕ್ಕ ಮಾತು. ಧಾರವಾಡದ ಬೈಠಕ್ಕಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಎದುರಿಗೆ ನಾಲ್ಕು ಮೊಳ ದೂರದಲ್ಲಿ ಕೂತು ಕೇಳಿದ ಪುಣ್ಯವಂತರಿಗೆ ಅಸಲು ಗೊತ್ತು. ಅವರು ಸಹಿ ಹಾಕಲಿ.

ನಮ್ಮಂಥ ಸಿನಿಮಾ ಹಾಡಿನ ಮಂದಿಯ ಗತಿ?

ಸಿನಿಮಾ ಹಾಡಿಗೆ ಸಭಾಂಗಣ ಎಲ್ಲಿದೆ? ಬಹುಕಾಲ ನಮ್ಮ ಕನ್ನಡ ಹಾಡುಗಳು ಮುದ್ರಣವಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಗಾಯಕ ಒಂದು ಮೈಕಿನ ಮುಂದೆ, ಪಿಟೀಲುಗಳು ಆ ಮೂಲೆ, ತಬಲಾ ಈ ಮೂಲೆ, ಪ್ರತಿಧ್ವನಿ ಯಂತ್ರದಿಂದ. ಆಮೇಲೆ ಹಲವು ಪಟ್ಟಿಗಳ ಟೇಪು ಬಂದ ಮೇಲಂತೂ ಕೊಳಲಿನವನು ಸೋಮವಾರ ಬಂದು ಹೋದ, ಗಾಯಕಿ ಗುರುವಾರ ಬಂದರು. ಅವರಿಬ್ಬರೂ ಸೇರಿದ್ದು ಟೇಪಿನಲ್ಲಿ ಮಾತ್ರ. ಆ ಹಾಡು ಗಾಳಿಯಲ್ಲಿ ಒಂದು ಕ್ಷಣವೂ ಒಟ್ಟಾಗಿ ತೇಲಲಿಲ್ಲ. ಅಸಲೇ ಇಲ್ಲದ ನಕಲು!

ಇನ್ನೂ ಮುಂದಕ್ಕೆ ಹೋಗೋಣ. ನಾನು ಚಡ್ಡಿ ಹಾಕುವ ಕಾಲಕ್ಕೆ ಊರ ಹೊರಗಿನ ಬಯಲಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ನೆಲದ ಮೇಲೆ ಕೂತರೆ ಮುಂದೆ ಪರದೆ, ಹಿಂದೆ ಜನರೇಟರಿನ ಡಬಡಬ, ನಡುವೆ ಅಣ್ಣಾವ್ರ ಹಾಡು. 1960ರ ‘ಭಕ್ತ ಕನಕದಾಸ’ ನಮ್ಮೂರಿಗೆ ಬಂದದ್ದು ಎಷ್ಟೋ ವರ್ಷ ತಡವಾಗಿ, ಅಲ್ಲಲ್ಲಿ ತುಂಡಾಗಿ, ಮಳೆ ಸುರಿದಂಥ ಗೆರೆಗಳೊಂದಿಗೆ. ಆ ಕಾಲದ ಫಿಲ್ಮಿನ ಅಂಚಿನ ಧ್ವನಿಪಟ್ಟಿಯಲ್ಲಿ ಸಣ್ಣ ಎತ್ತರದ ನಾದಗಳಿಗೆ ಜಾಗವೇ ಕಡಿಮೆ. ಅದರ ಮೇಲೆ ತಗಡಿನ ಹಾರ್ನು. ಆದರೂ ಹಾಡುತ್ತಿದ್ದುದು ರಾಜಕುಮಾರರೇ! ಪಿ.ಬಿ. ಶ್ರೀನಿವಾಸ್ ಎಂಬ ಹೆಸರು ನಮಗೆ ಯಾರಿಗೆ ಗೊತ್ತಿತ್ತು?

ಮುಂದೆ ಅದೇ ಹಾಡು ನನ್ನ ಸೆಟ್ಟಿನಲ್ಲಿ ಕೇಳಿದೆ. ಚರಣ ಎತ್ತುವ ಮುಂಚೆ ಒಂದು ಸಣ್ಣ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮೈ ಜುಮ್ಮೆಂದಿತು. ಮರುಕ್ಷಣವೇ ಏನೋ ಕಸಿವಿಸಿ. ಅದು ಅಣ್ಣಾವ್ರ ಉಸಿರಲ್ಲ! ಎಲ್ಲೋ ಮದರಾಸಿನಲ್ಲಿ ಮೈಕಿನ ಮುಂದೆ ನಿಂತ ಇನ್ನೊಬ್ಬ ದೊಡ್ಡ ಮನುಷ್ಯನ ಉಸಿರು. ಸೆಟ್ಟನ್ನು ಸುಧಾರಿಸಿದಷ್ಟೂ ಪಿ.ಬಿ.ಎಸ್. ಹತ್ತಿರ ಬಂದರು, ರಾಜಕುಮಾರ್ ದೂರ ಸರಿದರು. ತಗಡಿನ ಹಾರ್ನು ಪರದೆಯ ಮೇಲಿನ ಮುಖಕ್ಕೆ ನಿಷ್ಠೆ ತೋರಿತ್ತು, ನನ್ನ ಸಾಗವಾನಿ ಡಬ್ಬಿ ಕಾಣದ ಗಂಟಲಿಗೆ ನಿಷ್ಠೆ ತೋರಿತು. ಯಾರು ಪತಿವ್ರತೆ?

1974ರ ‘ಸಂಪತ್ತಿಗೆ ಸವಾಲ್’ನಿಂದ ಅಣ್ಣಾವ್ರು ತಾವೇ ಹಾಡುಗಾರರಾಗಿ ನೆಲೆನಿಂತರು. ಆಗ ಜಗಳ ಮುಗಿಯಿತೇ? ಇಲ್ಲ! 1977ರ ‘ಬಬ್ರುವಾಹನ’ ನೋಡಿದ್ದೀರಲ್ಲ? ಅರ್ಜುನನೂ ಅವರೇ, ಬಬ್ರುವಾಹನನೂ ಅವರೇ. ತಂದೆ-ಮಗ ಎದುರುಬದುರು ನಿಂತು ಮಾತಿಗೆ ಮಾತು ಕೊಡುವ ಆ ಹಾಡಿಗೆ ದನಿ ಕೊಟ್ಟವರು ರಾಜಕುಮಾರ್ ಮತ್ತು ಪಿ.ಬಿ.ಎಸ್. ಇಬ್ಬರೂ. ಮುಖ ಒಂದು, ಗಂಟಲು ಎರಡು. ಟಾಕೀಸಿನಲ್ಲಿ ಶಿಳ್ಳೆ ಹೊಡೆದವರ ಪೈಕಿ ಒಬ್ಬನಾದರೂ “ಇದರಲ್ಲಿ ಅಸಲು ಯಾವುದು?” ಎಂದು ಕೇಳಿದನೇ? ಕೇಳಿದ್ದರೆ ಪಕ್ಕದವನು ಕಪಾಳಕ್ಕೆ ಕೊಡುತ್ತಿದ್ದ.

ಅಸಲು-ನಕಲನ್ನು ಪಕ್ಕಪಕ್ಕ ಇಡುವ ಪ್ರಯತ್ನ ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ನಡೆದಿತ್ತು. ಎಡಿಸನ್ ಕಂಪೆನಿಯವರು 1915ರಿಂದ ಹತ್ತು ವರ್ಷ ಊರೂರು ತಿರುಗಿ ‘ದನಿ ಪರೀಕ್ಷೆ’ ನಡೆಸಿದರು. ವೇದಿಕೆ ಮೇಲೆ ಯಂತ್ರ, ಪಕ್ಕದಲ್ಲಿ ಅದೇ ಹಾಡಿನ ಗಾಯಕಿ. ಆಕೆ ಹಾಡುತ್ತಾ ಹಾಡುತ್ತಾ ನಿಲ್ಲಿಸುವುದು, ಯಂತ್ರ ಮುಂದುವರಿಸುವುದು. ಕೆಲವೊಮ್ಮೆ ದೀಪ ಆರಿಸುವುದು. ದೀಪ ಹತ್ತಿದಾಗ ವೇದಿಕೆ ಮೇಲೆ ಗಾಯಕಿಯೇ ಇಲ್ಲ! ಜನ ಬೆರಗಾಗಿ, ಎರಡಕ್ಕೂ ವ್ಯತ್ಯಾಸವೇ ಇಲ್ಲ ಎಂದರಂತೆ. ಆ ಕಾಲದ ಯಂತ್ರದಲ್ಲಿ ಅದು ಹೇಗೆ ಸಾಧ್ಯ? ಆ ಗಾಯಕಿಯರಲ್ಲಿ ಒಬ್ಬರಾದ ಆನಾ ಕೇಸ್ ಎಷ್ಟೋ ದಶಕಗಳ ಮೇಲೆ ಗುಟ್ಟು ಬಿಟ್ಟುಕೊಟ್ಟರು – ಯಂತ್ರದ ದನಿಗೆ ಸರಿಹೊಂದುವಂತೆ ತಾವೇ ತಮ್ಮ ದನಿಯನ್ನು ಅಳವಡಿಸಿಕೊಳ್ಳುತ್ತಿದ್ದರಂತೆ! ನೋಡಿದಿರಾ ತಮಾಷೆ? ನಕಲು ಅಸಲಿನಂತೆ ಆಗಲಿಲ್ಲ, ಅಸಲೇ ನಕಲಿನಂತೆ ಆಯಿತು. ಮದುವೆ ಮನೆಗಳಲ್ಲಿ ನಾನೂ ಇದನ್ನು ಕಂಡಿದ್ದೇನೆ. ಸೋಬಾನೆ ಹೇಳುವ ಮುದುಕಿಯರು ಮೈಕ್ ಹಿಡಿದ ಕೂಡಲೇ ಸಿನಿಮಾದವರ ಹಾಗೆ ದನಿ ಸಣ್ಣ ಮಾಡುತ್ತಾರೆ.

ಒಡೆಯನ ದನಿಯೂ ಒಂದೇ ಆಗಿರುತ್ತದೆಯೇ? ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಎಚ್.ಎಂ.ವಿ.ಗೆ ಹಾಡಿದ 78ರ ತಟ್ಟೆಗಳಿವೆ. ದನಿ ಎಳೆಯದು, ತೆಳ್ಳಗೆ, ಎತ್ತರ. ಆಮೇಲೆ ಗಂಟಲಿನ ತೊಂದರೆ, ಚಿಕಿತ್ಸೆ ಎಲ್ಲ ಆಗಿ, ನಾಡಿಗೆಲ್ಲ ಗೊತ್ತಿರುವ ಆ ಗಂಡುದನಿಯಂಥ ಗಂಭೀರ ನಾದ ಬಂತು. ಒಮ್ಮೆ ಆ ಹಳೇ ಹಾಡನ್ನು ನಮ್ಮೂರ ಸಂಗೀತಪ್ರೇಮಿ ಮಾಸ್ತರರೊಬ್ಬರಿಗೆ ಹಾಕಿ ಕೇಳಿಸಿದೆ. ಅವರು ಹುಬ್ಬು ಗಂಟಿಕ್ಕಿ, “ಸ್ಪೀಡ್ ಹೆಚ್ಚಾಗೇತಿ, ಜರಾ ಸರಿ ಮಾಡ್ರಿ” ಎಂದರು! ಸ್ಪೀಡು ಸರಿಯಾಗಿಯೇ ಇತ್ತು. ಯಂತ್ರ ನಿಜ ಹೇಳುತ್ತಿತ್ತು, ನಂಬುವ ಕಿವಿ ಇರಲಿಲ್ಲ.

ಪಕ್ಕದ ಗದಗಿನ ಕಥೆ ಇನ್ನೊಂದು ಬಗೆ. ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿದ. ಝಿಂಝೋಟಿ ರಾಗದ ಠುಮರಿ. ಮೂರು-ಮೂರೂವರೆ ನಿಮಿಷ, ಸೂಜಿ ಕೆರೆಯುವ ಸದ್ದು, ಒಂದೇ ಕಹಳೆ. ಅದು ತಲೆಗೆ ಹೊಕ್ಕಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪಾದ ಹಿಡಿದ. ನನ್ನ ಸೆಟ್ಟು ಕೇಳಿ ಇದುವರೆಗೆ ಯಾರೂ ಮನೆ ಬಿಟ್ಟಿಲ್ಲ. (ಒಮ್ಮೆ ನಮ್ಮಾಕಿ ತವರಿಗೆ ಹೋಗಿದ್ದುಂಟು. ಅದು ಸೆಟ್ಟಿನ ಖರ್ಚಿನ ವಿಷಯಕ್ಕೆ.) ನಾದಕ್ಕೂ ಭಕ್ತಿಗೂ ಆಯ್ಕೆ ಬಂದಾಗ ಬಸವಣ್ಣ ಯಾವ ಕಡೆ ನಿಂತ ಎಂಬುದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಹಾಗೆಂದು ನಾನು ಸೆಟ್ಟು ಮಾರಲಿಲ್ಲ. ಅರ್ಧ ಕೇಳಿದರೂ ಸಾಕಾಗುವುದು ಭೀಮಸೇನನಂಥವರಿಗೆ. ನಮ್ಮಂಥ ಮಂದಬುದ್ಧಿಗಳಿಗೆ ಪೂರ್ತಿ ಕೇಳಿಸಬೇಕು.

ಈ ಹುಚ್ಚಿನಲ್ಲಿ ನನ್ನನ್ನೂ ಮೀರಿಸಿದವನೊಬ್ಬ ನಮ್ಮೂರಲ್ಲೇ ಇದ್ದಾನೆ. ಔಷಧದ ಅಂಗಡಿಯ ಹುಡುಗ, ನನಗೆ ಕಾಕಾ ಎನ್ನುತ್ತಾನೆ. ಕೆಲ ವರ್ಷದ ಹಿಂದೆ ಬೆಂಗಳೂರಿನಿಂದ ಸ್ಪೀಕರ್ ವೈರು ತಂದ. ಬೆಲೆ ಕೇಳಿದರೆ ಎದೆ ನಿಲ್ಲಬೇಕು. “ಕಾಕಾ, ಪಡದಾ ಸರದಂಗ ಆಗತೈತಿ ನೋಡ್ರಿ!” ಎಂದ. ಸರಿ, ಪಡದಾ ಹಾಕಿಯೇ ನೋಡೋಣ ಎಂದೆ. ಬಾಗಿಲಿಗೆ ಕಂಬಳಿ ಕಟ್ಟಿ, ಹಿಂದೆ ನಮ್ಮಾಕಿಯನ್ನು ಕೂರಿಸಿದೆ. ಆಕೆ ರೂಪಾಯಿ ಚಿಮ್ಮಬೇಕು, ರಾಜಾ ಬಿದ್ದರೆ ಅವನ ವೈರು, ರಾಣಿ ಬಿದ್ದರೆ ನನ್ನ ಮೈಕ್ ಸೆಟ್ಟಿನ ಮಾಮೂಲಿ ವೈರು. ಇಪ್ಪತ್ತು ಸಲ ಹಾಡು ಹಾಕಿದೆವು. ಹುಡುಗ ಸರಿಯಾಗಿ ಹೇಳಿದ್ದು ಹನ್ನೊಂದು. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದರೂ ಹತ್ತು ಸರಿಯಾಗುತ್ತಿತ್ತು!

ಅವನು ಸೋಲಲಿಲ್ಲ. “ಪರೀಕ್ಷಾ ಅಂದ್ರ ಮನಸು ಬಿಗಿ ಆಗತೈತಿ ಕಾಕಾ. ಬಿಗಿ ಆದ ಮನಸಿಗೆ ಏನ್ ಕೇಳಸತೈತಿ? ರಾತ್ರಿ ಒಬ್ನ ಕುಂತಾಗ ನನಗ ಕೇಳಸತೈತಿ” ಎಂದ. ನಾನು ನಗಲಿಲ್ಲ. ಅವನ ಮಾತಿನಲ್ಲಿ ತಿರುಳಿದೆ. ಜಾತ್ರೆಯ ಪ್ರಸಾದದ ಸಕ್ಕರೆಯನ್ನೂ ಅಂಗಡಿ ಸಕ್ಕರೆಯನ್ನೂ ಕಣ್ಣು ಕಟ್ಟಿ ತಿನ್ನಿಸಿದರೆ ಯಾವ ಭಕ್ತನೂ ಗುರುತಿಸಲಾರ. ಹಾಗೆಂದು ಪ್ರಸಾದ ಸುಳ್ಳೇ? ಅದನ್ನು ಕಣ್ಣಿಗೊತ್ತಿಕೊಂಡಾಗ ಬರುವ ನೆಮ್ಮದಿ ಸುಳ್ಳೇ? ಒಂದೇ ವ್ಯತ್ಯಾಸ – ಪ್ರಸಾದವನ್ನು ಯಾರೂ ಮೀಟರ್ ಲೆಕ್ಕದಲ್ಲಿ ಮಾರುವುದಿಲ್ಲ.

ಇಷ್ಟು ವರ್ಷ ಪ್ರಶ್ನೆಯೆಲ್ಲ ಯಂತ್ರದ ಬಗ್ಗೆ ಇತ್ತು. ಈಗ ಅದು ನನ್ನ ಮೈಗೇ ಬಂದಿದೆ.

ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಕಿವಿ ತೋರಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟು, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಎಷ್ಟೋ ಹೊತ್ತು ಏನೂ ಕೇಳಿಸಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡೆ. ಹೊರಗೆ ಬಂದಾಗ ಡಾಕ್ಟರು ಒಂದು ಕಾಗದ ತೋರಿಸಿದರು. 2000 ಹರ್ಟ್ಜ್‌ವರೆಗೆ ಗೆರೆ ಸಪಾಟಾಗಿ ಬಂದು, 4000ದ ಹತ್ತಿರ ಬಾವಿಗೆ ಬಿದ್ದಂತೆ ಬಿದ್ದಿದೆ. ವಯಸ್ಸಾದರೆ ಎತ್ತರದ ನಾದ ಮೊದಲು ಹೋಗುವುದು ಎಲ್ಲರಿಗೂ ಇದ್ದದ್ದೇ. ಹಾರ್ನಿನ ಬುಡದಲ್ಲಿ ನಿಂತು ದುಡಿದವನಿಗೆ ಅದು ಜರಾ ಜಾಸ್ತಿ. ಎಳೆಯ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ನನ್ನ ಡಬ್ಬಿಯ ಟ್ವೀಟರು ಈಗಲೂ ಆ ಎತ್ತರಕ್ಕೆ ಹಾಡುತ್ತಲೇ ಇದೆ, ಯಾರಿಗಾಗಿ? ಕೋಣೆಯಲ್ಲಿ ನಾದ ತುಂಬಿದೆ, ಕುರ್ಚಿಯಲ್ಲಿ ಕೂತವನಿಗೆ ಇಲ್ಲ.

ಕಿವಿಯ ಮಿಷಿನ್ನು ತಂದೆ. ಮಾತಿಗೆ ಅನುಕೂಲ. ‘ಸ’ಕಾರ ‘ತ’ಕಾರ ಮತ್ತೆ ಸಿಕ್ಕವು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಸಿಂಧನೂರು ಅಂದನೋ ಮುದಗಲ್ಲು ಅಂದನೋ ತಿಳಿಯುತ್ತದೆ. ಆದರೆ ಅದು ಮಾತಿಗೆಂದೇ ಮಾಡಿದ ಸಾಧನ. ಹಾಡಿಗೆ ಹಾಕಿಕೊಂಡರೆ ಪಿಟೀಲು ತಗಡು ಕೆರೆದಂತೆ. ಹಾಡು ಕೇಳುವಾಗ ತೆಗೆದಿಡುತ್ತೇನೆ.

ಆಮೇಲೆ ಒಂದು ವಿಚಿತ್ರ ಕಂಡೆ. ಹಳೇ ಹಾಡುಗಳಲ್ಲಿ ನನಗೆ ತಾಳದ ಕಿಣಿಕಿಣಿ, ಗೆಜ್ಜೆ ಎಲ್ಲವೂ ಕೇಳುತ್ತಿತ್ತು! ಗೆರೆ ಬಾವಿಗೆ ಬಿದ್ದ ಕಿವಿಗೆ ಇದು ಹೇಗೆ? ನಮ್ಮಾಕಿಗೆ ಹೇಳಿ ನನಗೆ ಗೊತ್ತಾಗದಂತೆ ಟ್ವೀಟರಿನ ವೈರು ಬಿಚ್ಚಿಸಿದೆ. ಯಾವ ದಿನ ಬಿಚ್ಚುತ್ತಾಳೆ, ಯಾವ ದಿನ ಹಾಕುತ್ತಾಳೆ ಎಂದು ನನಗೆ ಹೇಳಬಾರದು. ವಾರವಿಡೀ ಕೇಳಿದೆ. ಬಿಚ್ಚಿದ ದಿನವೂ ತಾಳ ಕೇಳುತ್ತಿತ್ತು, ಅದೇ ಜಾಗದಲ್ಲಿ, ಅದೇ ಬಲಗಡೆ. ಕಿವಿ ಕೊಡದ್ದನ್ನು ನೆನಪು ಕೊಡುತ್ತಿತ್ತು. ನಲವತ್ತು ವರ್ಷ ಕೇಳಿ ಕೇಳಿ ಹಾಡು ಒಳಗೇ ಮುದ್ರಣವಾಗಿಬಿಟ್ಟಿದೆ, ಸೂಜಿ ಇಡುವುದು ಬರೀ ಶಾಸ್ತ್ರಕ್ಕೆ. ಇಷ್ಟು ನಿಷ್ಠೆಯ ಸೆಟ್ಟು ಯಾವ ಕಂಪೆನಿ ಮಾಡೀತು?

ಖುಷಿಪಟ್ಟೆ. ಆಮೇಲೆ ಮೊಮ್ಮಗಳು ಹೊಸ ಹಾಡೊಂದನ್ನು ಹಾಕಿ, “ಅಜ್ಜಾ, ಇದರಾಗ ಗೆಜ್ಜಿ ಭಾಳ ಚಂದ ಐತಿ ಕೇಳು” ಎಂದಳು. ಕೇಳಿದೆ. ಗೆಜ್ಜೆ ಇರಲಿಲ್ಲ. ಮತ್ತೊಮ್ಮೆ ಹಾಕಿಸಿದೆ, ಡಬ್ಬಿಗೆ ಕಿವಿ ಹಚ್ಚಿದೆ. ಇರಲಿಲ್ಲ. ಹೊಸ ಹಾಡಿಗೆ ನೆನಪು ಎಲ್ಲಿಂದ ತರಲಿ? ಇನ್ನು ಮುಂದೆ ಹುಟ್ಟುವ ಹಾಡುಗಳೆಲ್ಲ ನನಗೆ ಅರ್ಧವೇ. “ಹೌದವ್ವಾ, ಚಂದ ಐತಿ” ಎಂದೆ.

ಈಗ ಆ ಮುಕ್ಕೋನದ ಕುರ್ಚಿಯಲ್ಲಿ ಕೂಡುವವಳು ನಮ್ಮಾಕಿ. ನಲವತ್ತು ವರ್ಷ ಆ ಕೋಣೆಗೆ ಕಸ ಹೊಡೆಯಲು ಬಿಟ್ಟರೆ ಕಾಲಿಡದವಳು! ಮಡಿಲಲ್ಲಿ ಶೇಂಗಾ ಹಾಕಿಕೊಂಡು ಬಿಡಿಸುತ್ತಾ ಕೂಡುತ್ತಾಳೆ. ನಾನು ಪಕ್ಕದ ಮಣೆಯ ಮೇಲೆ. ಹೊಸ ಹಾಡು ಬಂದರೆ ಕೇಳುತ್ತೇನೆ – ತಾಳ ಎಲ್ಲಿ ಬರುತ್ತದೆ, ಕೊಳಲು ಯಾವ ಕಡೆ, ಗೆಜ್ಜೆ ಹತ್ತಿರವೋ ದೂರವೋ? ಮೊದಮೊದಲು “ಏನೋ ಒಂದು ಬರತೈತ್ರಿ” ಎನ್ನುತ್ತಿದ್ದಳು. ಈಗ ಬಹಳ ಚೊಕ್ಕ ಹೇಳುತ್ತಾಳೆ. ಔಷಧದಂಗಡಿ ಹುಡುಗನಿಗಿಂತ ಚೊಕ್ಕ ಎಂದರೆ ಅವನಿಗೆ ಸಿಟ್ಟು ಬರಬಹುದು, ಬರಲಿ.

ಮೊನ್ನೆ ರಾತ್ರಿ ಹಾಡಿನ ನಡುವೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಿ, ಕತ್ತು ಒಂದು ಕಡೆ ವಾಲಿಸಿ, “ರೀ, ಎಡಗಡಿ ಡಬ್ಬಿ ಜರಾ ಒಳಗ ತಿರಗಸ್ರಿ. ಹಾಡಾಕಿ ಗ್ವಾಡಿ ಕಡೆ ಸರದಾಳ” ಎಂದಳು.

ಎದ್ದು ಹೋಗಿ ಎರಡು ಬೆರಳಿನಷ್ಟು ತಿರುಗಿಸಿದೆ. “ಈಗ?” ಎಂದೆ.

“ಇನ್ನೊಂಚೂರು” ಎಂದಳು.